ರೋಗಿಯ ನೆತ್ತರೂ ಶುಶ್ರೂಷಕರ ಕೈಯೂ

 

ರೋಗಿಗಳನ್ನು ಕಾಪಾಡುವ ಬಗೆಯನ್ನು ಕುರಿತು ಸಭೆಗಳಲ್ಲಿ ಉಪನ್ಯಾಸಗಳು ಬೇಕಾದಷ್ಟು ನಡೆಯುವುವು. ಆ ರೋಗಿಗಳನ್ನು ಹಗಲಿರುಳು ಕಾಪಾಡುವವರನ್ನು ಕಾಪಾಡುವ ಬಗೆ ಯಾವುದೆಂಬ ಪ್ರಶ್ನೆ ಮಾತ್ರ ಸಭೆಯ ಮುಂದೆ ಬರುವುದು ಅಪೂರ್ವ. ಅನ್ನ ಮತ್ತು ಅಕ್ಷರಗಳ ದಾಸೋಹಕ್ಕೆ ಹೆಸರಾದ ಮಠಗಳು ಔಷಧದ ದಾಸೋಹಕ್ಕೂ ಕೈಯಿಕ್ಕಿರುವುವು. ಸುತ್ತೂರು ಶ್ರೀಮಠದ ವಿದ್ಯಾಪೀಠವು ೧೯೮೪ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದುದನ್ನು ಎಲ್ಲರೂ ಬಲ್ಲರು. ಆಸ್ಪತ್ರೆಯನ್ನು ಕಟ್ಟಿದವರಿಗೆ ಅದರೊಳಗೆ ದುಡಿಯುವ ವೈದ್ಯರು, ದಾದಿಯರು, ರಕ್ತ ಪರೀಕ್ಷಿಸುವವರು, ನೆಲ ಒರಸುವವರು, ಕಸ ಹೊರುವವರು, ಇವರೆಲ್ಲರ ದೇಹಗಳ ಹೊಣೆಯೂ ಸೇರಿದುದಷ್ಟೆ. ಆದುದರಿಂದ ಈ ವಿಷಯವು ಈ ವೇದಿಕೆಗೆ ಹೊರಗಿನದಲ್ಲ.

ಅಪಾಯವೇನೆಂಬುದನ್ನು ಮೊದಲು ತಿಳಿಯಬೇಕು. ರೋಗಿಯ ನೆತ್ತರು ಗಾಯವಿಲ್ಲದ ಚರ್ಮದ ಮೇಲೆ ಬಿದ್ದರೆ ತೊಳೆದುಕೊಂಡರಾಯಿತು, ವಿಶೇಷ ಭಯವಿಲ್ಲ. ಆದರೆ ನೆತ್ತರು ತುಂಬಿದ ಸೂಜಿಯ ಮೊನೆ ಬೆರಳಿಗೆ ಚುಚ್ಚಿದರೆ, ಶಸ್ತ್ರದ ಅಲಗು ಕೊಯ್ದರೆ, ಹನಿಯೊಂದು ಕಣ್ಣಿಗೋ ಬಾಯಿಗೋ ಸಿಡಿದರೆ, ಒಬ್ಬರ ನೆತ್ತರಿನಲ್ಲಿದ್ದ ರೋಗಬೀಜವು ಮತ್ತೊಬ್ಬರ ದೇಹವನ್ನು ಹೊಗುವುದಕ್ಕೆ ದಾರಿಯಾಗುವುದು. ಹೀಗೆ ದಾಟಬಲ್ಲ ರೋಗಗಳು ಹಲವಿದ್ದರೂ ಮುಖ್ಯವಾದುವು ಮೂರು: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಬೇನೆಗಳೆರಡು, ಮತ್ತು ಏಡ್ಸಿಗೆ ಕಾರಣವಾದ ಎಚ್.ಐ.ವಿ. ಜನರು ಹೆದರುವುದು ಕಡೆಯದಕ್ಕೆ. ಲೆಕ್ಕವು ಹೇಳುವುದು ಬೇರೆ. ಎಚ್.ಐ.ವಿ. ಇರುವ ನೆತ್ತರಿನ ಸೂಜಿ ಚುಚ್ಚಿದ ಮುನ್ನೂರು ಮಂದಿಯಲ್ಲಿ ಸುಮಾರು ಒಬ್ಬರಿಗೆ ಸೋಂಕು ತಗಲುವುದು. ಹೆಪಟೈಟಿಸ್ ಸಿ ನೂರರಲ್ಲಿ ಹೆಚ್ಚೆಂದರೆ ಇಬ್ಬರಿಗೆ. ಹೆಪಟೈಟಿಸ್ ಬಿ ಯಾದರೋ, ಲಸಿಕೆ ಹಾಕಿಸಿಕೊಳ್ಳದ ನೂರು ಮಂದಿಯಲ್ಲಿ ಮೂವತ್ತರವರೆಗೆ. ಅಲ್ಲದೆ ಈ ಕಡೆಯ ವೈರಸು ಮೇಜಿನ ಮೇಲೆ ಒಣಗಿದ ನೆತ್ತರಿನ ಕಲೆಯಲ್ಲಿ ಏಳು ದಿನಗಳಾದರೂ ಬದುಕಿರುವುದು. ಹೆಚ್ಚು ಹೆದರಬೇಕಾದುದಕ್ಕೆ ಜನರು ಹೆದರದೆ, ಕಡಿಮೆ ಹೆದರಬೇಕಾದುದಕ್ಕೆ ನಡುಗುವುದು ವಿಚಿತ್ರವೆ ಸರಿ.

ವಿಶ್ವ ಆರೋಗ್ಯ ಸಂಸ್ಥೆಯು ೨೦೦೦ನೆಯ ಇಸವಿಯನ್ನು ಕುರಿತು ಮಾಡಿದ ಅಂದಾಜಿನಂತೆ, ಪ್ರಪಂಚದ ಸುಮಾರು ೩ ಕೋಟಿ ೫೦ ಲಕ್ಷ ಆರೋಗ್ಯ ಕೆಲಸಗಾರರಲ್ಲಿ ೩೦ ಲಕ್ಷ ಮಂದಿಗೆ ಆ ಒಂದು ವರ್ಷದಲ್ಲಿ ರೋಗದ ನೆತ್ತರು ಹತ್ತಿದ ಮೊನೆ ತಾಗಿದ್ದಿತು. ಅದರಿಂದ ಹೆಪಟೈಟಿಸ್ ಬಿ ೬೬ ಸಾವಿರ ಜನರಿಗೂ, ಹೆಪಟೈಟಿಸ್ ಸಿ ೧೬ ಸಾವಿರ ಜನರಿಗೂ, ಎಚ್.ಐ.ವಿ. ಸುಮಾರು ಒಂದು ಸಾವಿರ ಜನರಿಗೂ ಅಂಟಿದುವು. ಇದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬಡದೇಶಗಳಲ್ಲಿ.

ವೈದ್ಯರ ಕೈಗೆ ತಾಗಿದ ಮೊನೆಯು ವೈದ್ಯರನ್ನು ಕೊಲ್ಲಬಲ್ಲುದೆಂಬ ಅರಿವು ಲೋಕಕ್ಕೆ ಮೂಡಿದುದು ವಿಯೆನ್ನಾ ನಗರದಲ್ಲಿ. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಯಾಕೋಬ್ ಕೊಲೆಚ್ಕ ಎಂಬವರು ನ್ಯಾಯವೈದ್ಯಕ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ೧೮೪೭ನೆಯ ಇಸವಿಯಲ್ಲಿ ಹೆಣವನ್ನು ಕೊಯ್ದು ತೋರಿಸುತ್ತಿರುವಾಗ ಒಬ್ಬ ವಿದ್ಯಾರ್ಥಿಯ ಕೈಯ ಅಲಗು ಅವರ ಬೆರಳಿಗೆ ತಾಗಿತು. ಸಣ್ಣ ಗಾಯ. ಕೆಲವೇ ದಿನಗಳಲ್ಲಿ ನಂಜೇರಿ, ಮಾರ್ಚಿ ತಿಂಗಳಿನಲ್ಲಿ ಅವರು ತೀರಿಕೊಂಡರು. ಅವರ ಮಿತ್ರರಾದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯರು ಅದೇ ಆಸ್ಪತ್ರೆಯ ಹೆರಿಗೆಯ ವಿಭಾಗದಲ್ಲಿದ್ದರು. ಬಾಣಂತಿಯರು ನಂಜಿನ ಜ್ವರದಿಂದ ಗುಂಪುಗುಂಪಾಗಿ ಸಾಯುತ್ತಿದ್ದುದು ಅವರ ನಿದ್ದೆಯನ್ನು ಕೆಡಿಸಿದ್ದಿತು. ಮಿತ್ರನ ಶವಪರೀಕ್ಷೆಯ ವಿವರಗಳನ್ನು ಓದಿದಾಗ, ಬಾಣಂತಿಯರ ದೇಹಗಳಲ್ಲಿ ಕಂಡ ಲಕ್ಷಣಗಳೇ ಅಲ್ಲಿಯೂ ಕಂಡುವು. ಹೆಣ ಕೊಯ್ದ ಕೈಯಲ್ಲಿಯೆ ಹೆರಿಗೆ ಮಾಡಿಸುವ ವಿದ್ಯಾರ್ಥಿಗಳೇ ನಂಜನ್ನು ಹೊತ್ತು ತರುತ್ತಿರುವರೆಂದು ಅವರು ನಿಶ್ಚಯಿಸಿ, ಮೇ ತಿಂಗಳಿನಿಂದ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದರು. ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನಿನಲ್ಲಿ ಎರಡಕ್ಕಿಳಿಯಿತು.

ಆ ನಂಜು ಇಂದಿನ ಮೂರು ವೈರಸುಗಳ ಜಾತಿಯದಲ್ಲ, ನಿಜ. ಆದರೂ ಕೊಲೆಚ್ಕ ಅವರ ಮರಣದಿಂದ ಲೋಕವು ಕಲಿತುದನ್ನು ಗಮನಿಸಬೇಕು. ಆ ಒಂದು ಗಾಯದಿಂದ ಸಾವಿರಾರು ಬಾಣಂತಿಯರ ಪ್ರಾಣಗಳನ್ನುಳಿಸುವ ಉಪಾಯ ಹೊರಟಿತು. ಕೊಲೆಚ್ಕ ಅವರಂಥವರನ್ನು ಉಳಿಸುವ ಉಪಾಯವನ್ನು ಹುಡುಕಬೇಕೆಂದು ಯಾರಿಗೂ ತೋರಲಿಲ್ಲ. ಹೆಣದ ಮನೆಯಲ್ಲಿ ಬೆರಳು ಕೊಯ್ದುಕೊಳ್ಳುವುದು ಆ ವೃತ್ತಿಯ ಹಣೆಬರಹವೆಂದು ಬಗೆದಂತಾಯಿತು. ಈ ಭಾವನೆ ಮುಂದೆ ನೂರು ವರ್ಷಗಳಿಗೂ ಮೀರಿ ಉಳಿದಿದ್ದಿತು.

ರಬ್ಬರಿನ ಕೈಗವಸಿನ ಕಥೆಯೂ ಸ್ವಾರಸ್ಯವಾದುದು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರಿಗೆ ಕೆರೊಲಿನ್ ಹ್ಯಾಂಪ್ಟನ್ ಎಂಬ ದಾದಿ ಸಹಾಯಕಿಯಾಗಿದ್ದಳು. ರೋಗಾಣುನಾಶಕ್ಕೆಂದು ಬಳಸುತ್ತಿದ್ದ ಪಾದರಸದ ದ್ರಾವಣವು ಆಕೆಯ ಕೈಗಳನ್ನು ಸುಟ್ಟು ಹುಣ್ಣು ಮಾಡಿತು. ೧೮೮೯-೯೦ರ ಚಳಿಗಾಲದಲ್ಲಿ ಹಾಲ್‌ಸ್ಟೆಡ್‌ರು ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಆಕೆಗಾಗಿ ತೆಳುವಾದ ಕೈಗವಸುಗಳನ್ನು ಮಾಡಿಸಿಕೊಟ್ಟರು. (೧೮೯೦ರಲ್ಲಿ ಅವರಿಬ್ಬರಿಗೂ ವಿವಾಹವಾಯಿತು.) ಕೈಗವಸು ಹುಟ್ಟಿದುದೇ ಸೇವಕಿಯ ಕೈಯನ್ನುಳಿಸಲು, ರೋಗಿಗೆ ಅದರಿಂದ ಪ್ರಯೋಜನವಿದೆಯೆಂಬುದು ಆಮೇಲೆ ತಿಳಿದುದು. ಲೋಕಕ್ಕೆ ಮಾತ್ರ ಎರಡನೆಯದೇ ನೆನಪಿನಲ್ಲಿ ಉಳಿದಿರುವುದು.

ಇನ್ನು ಈ ಕಾಲದ ರೋಗಗಳಿಗೆ ಬರೋಣ. ಆಫ್ರಿಕದ ಯುಗಾಂಡ ದೇಶದ ಉತ್ತರದಲ್ಲಿ ಗುಲು ಎಂಬ ಊರು. ಅದರ ಬಳಿ ಲಾಚೋರ್ ಎಂಬಲ್ಲಿ ಕ್ರೈಸ್ತ ಮಿಷನ್ನಿನವರು ಸ್ಥಾಪಿಸಿದ ಆಸ್ಪತ್ರೆ. ೧೯೬೧ರಲ್ಲಿ ಕೆನಡ ದೇಶದ ಲೂಸಿಲ್ ಟೀಸ್‌ಡೇಲ್ ಎಂಬ ಶಸ್ತ್ರವೈದ್ಯೆಯು ಇಟಲಿಯ ವೈದ್ಯರಾದ ಪಿಯೆರೊ ಕೊರ್ತಿಯವರ ಕರೆಯ ಮೇರೆಗೆ ಎರಡು ತಿಂಗಳ ಮಟ್ಟಿಗೆಂದು ಅಲ್ಲಿಗೆ ಬಂದರು. ಅವರಿಬ್ಬರೂ ಮದುವೆಯಾಗಿ ಅಲ್ಲಿಯೆ ನೆಲಸಿದರು. ಬೆಳಗ್ಗೆ ರೋಗಿಗಳನ್ನು ನೋಡುವುದು, ಮಧ್ಯಾಹ್ನ ಶಸ್ತ್ರಕ್ರಿಯೆ. ಇದು ಆ ತಾಯಿಯ ದಿನಚರಿ. ೧೯೭೯ರಿಂದ ಮುಂದೆ ಆ ದೇಶದಲ್ಲಿ ಯುದ್ಧಗಳು ಒಂದರ ಮೇಲೊಂದು ಬಂದುವು. ಗುಂಡೇಟು ತಿಂದು ಎಲುಬು ನುಚ್ಚಾದವರನ್ನು ಸಾಲುಸಾಲಾಗಿ ತಂದು ಮಲಗಿಸುವರು. ಒಡೆದ ಎಲುಬಿನ ಚೂರು ಗಾಜಿನ ಚೂರಿನಂತೆ ಮೊನಚಾಗಿರುವುದು. ಗಾಯದೊಳಗೆ ಬೆರಳಾಡಿಸುವಾಗ ಅದು ಕೈಗವಸನ್ನೂ ಚರ್ಮವನ್ನೂ ಒಟ್ಟಿಗೆ ಸೀಳುವುದು. ಹೀಗೆ ಎಷ್ಟು ಸಲವಾಯಿತೋ, ಯಾವ ರೋಗಿಯಿಂದ ಬಂದಿತೋ ಲೆಕ್ಕವಿಲ್ಲ. ೧೯೮೫ರಲ್ಲಿ ಪರೀಕ್ಷೆ ಮಾಡಿದಾಗ ಅವರ ನೆತ್ತರಿನಲ್ಲಿ ಎಚ್.ಐ.ವಿ. ಇರುವುದು ತಿಳಿದುಬಂದಿತು. ಆ ಮೇಲೆಯೂ ಹನ್ನೊಂದು ವರ್ಷ ಬದುಕಿ, ಶಕ್ತಿಯಿರುವವರೆಗೂ ಆಸ್ಪತ್ರೆಯ ಕೆಲಸವನ್ನು ಬಿಡದೆ, ೧೯೯೬ರ ಆಗಸ್ಟ್ ೧ರಂದು ಇಟಲಿಯಲ್ಲಿ ದೇಹವಿಟ್ಟರು. ಅವರ ಸಮಾಧಿ ಲಾಚೋರ್ ಆಸ್ಪತ್ರೆಯ ಆವರಣದಲ್ಲಿಯೆ ಇರುವುದು.

ಆ ಸಮಾಧಿಯ ಪಕ್ಕದಲ್ಲಿ ಇನ್ನೊಂದಿದೆ. ೨೦೦೦ದ ಅಕ್ಟೋಬರಿನಲ್ಲಿ ಗುಲು ಪ್ರಾಂತದಲ್ಲಿ ಎಬೊಲ ಜ್ವರ ಕಾಣಿಸಿತು. ಅದು ರೋಗಿಯ ನೆತ್ತರು, ವಾಂತಿ, ಬೆವರುಗಳ ಸ್ಪರ್ಶದಿಂದ ಹರಡುವ ಘೋರವಾದ ಬೇನೆ. ಆ ಪ್ರಾಂತದವರೇ ಆದ ಮ್ಯಾಥ್ಯೂ ಲುಕ್ವಿಯ ಎಂಬ ವೈದ್ಯರು ಆಸ್ಪತ್ರೆಯ ಮುಖ್ಯಾಧಿಕಾರಿಗಳಾಗಿದ್ದರು. ದಾದಿಯರು ಒಬ್ಬರ ಹಿಂದೊಬ್ಬರು ಮಡಿಯುತ್ತಿದ್ದರೂ ಉಳಿದವರನ್ನು ಧೈರ್ಯಗೊಳಿಸಿ ಕೆಲಸ ನಡೆಸಿದವರು ಅವರು. ಒಂದು ರಾತ್ರಿ, ಜ್ವರ ಬಡಿದಿದ್ದ ತಮ್ಮ ಆಸ್ಪತ್ರೆಯ ಶುಶ್ರೂಷಕನೊಬ್ಬನು ನೆತ್ತರು ಕಾರುತ್ತ ಹಾಸಿಗೆಯಿಂದೆದ್ದಾಗ ಅವರು ಓಡಿಬಂದರು. ನಿಲುವಂಗಿ, ಮುಖವಸ್ತ್ರ, ಕೈಗವಸು ಎಲ್ಲವನ್ನೂ ಧರಿಸಿದ್ದರು. ಕಣ್ಣಿಗೆ ಮಾತ್ರ ಮರೆಯಿರಲಿಲ್ಲ. ಡಿಸೆಂಬರ್ ೫ರಂದು ಅವರೂ ತೀರಿಕೊಂಡರು. ಆ ಸಲದ ಪಿಡುಗಿನಲ್ಲಿ ರೋಗ ಹಿಡಿದವರು ೪೨೫ ಮಂದಿ, ಸತ್ತವರು ೨೨೪.

ಇಂಥವರ ಚರಿತ್ರೆಯನ್ನು ಕೇಳಿದಾಗ ಕೈಗಳು ತಾವಾಗಿಯೆ ಮುಗಿಯುವುವು. ಮುಗಿಯಲಿ. ಆದರೆ ತ್ಯಾಗವೆಂದು ಕೊಂಡಾಡಿ ಸುಮ್ಮನಾಗುವುದರಲ್ಲಿ ಒಂದು ಕೇಡಿರುವುದು. ಒಂದು ಜೊತೆ ಕಣ್ಮರೆಯಿಂದ ತಪ್ಪಬಹುದಾಗಿದ್ದ ಸಾವನ್ನು ತ್ಯಾಗವೆಂದು ಕರೆದೊಡನೆ, ಕಣ್ಮರೆಯನ್ನು ಒದಗಿಸಬೇಕಾದವರ ಹೊಣೆ ಹಗುರವಾಗಿಬಿಡುವುದು. ಇದೇ ಎಬೊಲ ಜ್ವರವು ೧೯೭೬ರಲ್ಲಿ ಆಗಿನ ಜಾಯಿರ್ ದೇಶದ ಯಾಂಬುಕು ಎಂಬ ಹಳ್ಳಿಯ ಮಿಷನ್ ಆಸ್ಪತ್ರೆಯಲ್ಲಿ ಕಾಣಿಸಿತ್ತು. ಅಲ್ಲಿ ದಾದಿಯರಿಗೆ ಪ್ರತಿದಿನ ಬೆಳಗ್ಗೆ ಕೊಡುತ್ತಿದ್ದುದು ಐದೇ ಸಿರಿಂಜು, ಐದೇ ಸೂಜಿ. ನೂರಾರು ರೋಗಿಗಳಿಗೆ ಅವೇ ಸೂಜಿಗಳು. ನಡುವೆ ಬರಿಯ ನೀರಿನಲ್ಲಿ ಅಲುಬುವುದು. ಆ ಆಸ್ಪತ್ರೆಯ ಹದಿನೇಳು ಸಿಬ್ಬಂದಿಯಲ್ಲಿ ಹನ್ನೊಂದು ಮಂದಿ ಸತ್ತು, ಕಡೆಗೆ ಬಾಗಿಲು ಮುಚ್ಚಬೇಕಾಯಿತು. ಅಲ್ಲಿ ಭಕ್ತಿಗೂ ಸೇವಾಬುದ್ಧಿಗೂ ಕೊರತೆಯಿರಲಿಲ್ಲ. ಸೂಜಿಗಳಿಗೆ ಕೊರತೆಯಿತ್ತು.

ಸೂಜಿ ಚುಚ್ಚಿದರೆ ದೋಷವನ್ನು ಕೈಗೆ ಹೊರಿಸುವುದು ಎಲ್ಲೆಲ್ಲಿಯೂ ವಾಡಿಕೆ. ‘ನೋಡಿಕೊಂಡು ಮಾಡಬೇಕಾಗಿತ್ತು’ ಎಂಬುದೊಂದೇ ಉಪದೇಶ. ವಿಚಾರ ಮಾಡಿದವರು ಕಂಡುಕೊಂಡುದು ಬೇರೆ. ಇಂಜೆಕ್ಷನ್ ಕೊಟ್ಟಾದ ಮೇಲೆ ಸೂಜಿಗೆ ಮತ್ತೆ ಮುಚ್ಚಳ ತೊಡಿಸುವ ಅಭ್ಯಾಸವೊಂದಿದೆ. ಎಡಗೈಯಲ್ಲಿ ಕಿರಿದಾದ ಮುಚ್ಚಳ, ಬಲಗೈಯಲ್ಲಿ ನೆತ್ತರಿನ ಸೂಜಿ. ಎರಡೂ ಒಂದಕ್ಕೊಂದು ಎದುರಾಗಿ ಬರಬೇಕು. ಸೂಜಿಗೆ ದಾರ ಪೋಣಿಸುವವರು ಎಷ್ಟು ಸಲ ತಪ್ಪುವರೆಂಬುದನ್ನು ಮನೆಯ ತಾಯಂದಿರು ಬಲ್ಲರು. ಇಲ್ಲಿ ತಪ್ಪಿದರೆ ಮೊನೆ ಎಡಗೈಯ ಬೆರಳಿಗೇ ಇಳಿಯುವುದು. ದಿನಕ್ಕೆ ನೂರು ಸೂಜಿ ಹಾಕುವವಳು ಎಷ್ಟು ಜಾಣೆಯಾದರೂ ವರ್ಷಕ್ಕೊಮ್ಮೆಯಾದರೂ ತಪ್ಪದಿರಳು. ಆದುದರಿಂದ ಮುಚ್ಚಳವನ್ನು ಜಾಗರೂಕತೆಯಿಂದ ಹಾಕೆಂದು ಹೇಳುವುದಲ್ಲ, ಹಾಕಲೇಬೇಡವೆಂದು ಹೇಳುವುದು ಸರಿಯಾದ ವಿಧಿ. ಆಗ ಬಳಸಿದ ಸೂಜಿಯನ್ನು ಎಲ್ಲಿಡಬೇಕು? ರೋಗಿಯ ಹಾಸಿಗೆಯ ಪಕ್ಕದಲ್ಲಿಯೆ, ಕೈಯಳತೆಯಲ್ಲಿ, ಮೊನೆ ತೂರದ ಗಟ್ಟಿಯಾದ ಡಬ್ಬಿಯಿರಬೇಕು. ಡಬ್ಬಿಯು ಮೊಗಸಾಲೆಯ ಕೊನೆಯಲ್ಲಿದ್ದರೆ, ಅಲ್ಲಿಯವರೆಗೆ ಸೂಜಿಯನ್ನು ಹಿಡಿದು ನಡೆಯಬೇಕಾದವಳು ಮುಚ್ಚಳ ಹಾಕಿಯೇ ಹಾಕುವಳು. ತುಂಬಿ ತುಳುಕುವ ಡಬ್ಬಿಯೂ ಇಲ್ಲದುದಕ್ಕೆ ಸಮ. ಮುಕ್ಕಾಲು ತುಂಬಿದೊಡನೆ ಬದಲಾಯಿಸಬೇಕು.

ಸೂಜಿಯಿಂದ ಎಚ್.ಐ.ವಿ. ತಗಲಿದ ಮೊದಲ ವರದಿ ೧೯೮೪ರಲ್ಲಿ ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಆ ಭೀತಿಯ ಕಾಲದಲ್ಲಿಯೆ, ೧೯೮೭ರಲ್ಲಿ, ಅಮೆರಿಕದ ರೋಗನಿಯಂತ್ರಣ ಕೇಂದ್ರವು ಒಂದು ಸೂತ್ರವನ್ನು ಸಾರಿತು: ಯಾರ ನೆತ್ತರಿನಲ್ಲಿ ರೋಗವಿದೆಯೆಂಬುದು ಮುಖ ನೋಡಿದರೆ ತಿಳಿಯದು, ಆದುದರಿಂದ ಎಲ್ಲರ ನೆತ್ತರನ್ನೂ ರೋಗವುಳ್ಳದ್ದೆಂದೇ ತಿಳಿದು ನಡೆಯಬೇಕು. ಇದಕ್ಕೆ ಸಾರ್ವತ್ರಿಕ ಮುನ್ನೆಚ್ಚರಿಕೆಯೆಂದು ಹೆಸರು. ಇದರಲ್ಲಿ ಬಹು ದೊಡ್ಡದಾದ ನ್ಯಾಯವಡಗಿದೆ. ಸಾಹುಕಾರನಿಗೂ ಕೂಲಿಯವನಿಗೂ ಒಂದೇ ಕೈಗವಸು, ಒಂದೇ ವಿಧಿ. ಇವನು ಇಂಥವನೆಂದು ಹಾಸಿಗೆಗೆ ಚೀಟಿ ಅಂಟಿಸಿ ದೂರವಿಡಲು ಕಾರಣವೇ ಇಲ್ಲ. ರೋಗಿಯನ್ನು ಮುಟ್ಟಲು ಹಿಂಜರಿಯುವ ಸೇವಕನಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ತನ್ನ ಮೈ ಕ್ಷೇಮವಾಗಿದೆಯೆಂದು ಬಲ್ಲವನು ಮತ್ತೊಬ್ಬನ ಮೈಯನ್ನು ಅಸಹ್ಯವಿಲ್ಲದೆ ಮುಟ್ಟುವನು.

ಅದೇ ದೇಶದಲ್ಲಿ ೧೯೯೧ರ ನಿಬಂಧನೆಯು ಹೆಪಟೈಟಿಸ್ ಬಿ ಲಸಿಕೆಯನ್ನು ಕೆಲಸಗಾರರಿಗೆ ಮಾಲೀಕರೇ ಉಚಿತವಾಗಿ ಕೊಡಬೇಕೆಂದಿತು. ೧೯೮೩ಕ್ಕೂ ೧೯೯೫ಕ್ಕೂ ನಡುವೆ ಅಲ್ಲಿಯ ಆರೋಗ್ಯ ಕೆಲಸಗಾರರಲ್ಲಿ ಆ ರೋಗವು ನೂರಕ್ಕೆ ತೊಂಬತ್ತಕ್ಕೂ ಮಿಗಿಲಾಗಿ ಇಳಿಯಿತು. ೨೦೦೦ದ ಶಾಸನವು ಇನ್ನೂ ಮುಂದೆ ಹೋಗಿ, ಬಳಸಿದೊಡನೆ ಮೊನೆ ಒಳಸರಿಯುವ ಅಥವಾ ಮರೆಯಾಗುವ ಸೂಜಿಗಳನ್ನು ತರಿಸಬೇಕೆಂದೂ, ಅವನ್ನು ಆರಿಸುವಾಗ ದಾದಿಯರ ಅಭಿಪ್ರಾಯವನ್ನು ಕೇಳಲೇಬೇಕೆಂದೂ ವಿಧಿಸಿತು. ಸೂಜಿಯನ್ನು ಹಿಡಿಯದವರು ಸೂಜಿಯನ್ನು ಆರಿಸುವ ಪದ್ಧತಿ ಎಷ್ಟು ಆಸ್ಪತ್ರೆಗಳಲ್ಲಿ ಇದೆಯೋ ಯಾರು ಬಲ್ಲರು!

ಭಾರತದಲ್ಲಿಯೂ ಶಾಸನಗಳಿಲ್ಲದಿಲ್ಲ. ಆಸ್ಪತ್ರೆಯ ಕಸವನ್ನು ಕುರಿತ ನಿಯಮಗಳು ಮೊದಲು ೧೯೯೮ರಲ್ಲಿಯೂ, ತಿದ್ದಿದ ರೂಪದಲ್ಲಿ ೨೦೧೬ರಲ್ಲಿಯೂ ಬಂದುವು. ಸೂಜಿ, ಬ್ಲೇಡು ಮೊದಲಾದ ಮೊನಚು ವಸ್ತುಗಳಿಗೆ ಮೊನೆ ತೂರದ ಬಿಳಿಯ ಡಬ್ಬಿ ಇರಬೇಕೆಂದೂ, ಆಸ್ಪತ್ರೆಯ ಕೆಲಸಗಾರರಿಗೂ ಕಸವನ್ನು ಮುಟ್ಟುವವರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಬೇಕೆಂದೂ ಅವುಗಳಲ್ಲಿದೆ. ೨೦೧೭ರ ಎಚ್.ಐ.ವಿ. ಶಾಸನವು ೨೦೧೮ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು, ಮುನ್ನೆಚ್ಚರಿಕೆಯ ಸಾಮಗ್ರಿ, ತರಬೇತಿ, ಸೂಜಿ ಚುಚ್ಚಿದಾಗಿನ ಔಷಧ ಇವನ್ನೊದಗಿಸುವುದು ಸಂಸ್ಥೆಯ ಕರ್ತವ್ಯವೆಂದು ಸ್ಪಷ್ಟಪಡಿಸಿತು. ಲಸಿಕೆಗೂ ದಾರಿದ್ರ್ಯವಿಲ್ಲ. ಬರೂಖ್ ಬ್ಲುಂಬರ್ಗ್‌ರು ೧೯೬೦ರ ದಶಕದಲ್ಲಿ ಆ ವೈರಸಿನ ಸುಳಿವನ್ನು ಹಿಡಿದು ೧೯೭೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ೧೯೮೧ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಒಪ್ಪಿಗೆ ದೊರೆಯಿತು. ೧೯೯೭ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು ಈ ದೇಶದಲ್ಲಿಯೆ ಅದನ್ನು ತಯಾರಿಸಿದ ಮೇಲೆ ಬೆಲೆ ಬಹುವಾಗಿ ಇಳಿಯಿತು. ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಮೇಲೊಮ್ಮೆ ನೆತ್ತರನ್ನು ಪರೀಕ್ಷಿಸಿ ರಕ್ಷಣೆ ಮೂಡಿದೆಯೆ ಎಂದು ನೋಡುವುದು. ಇಷ್ಟೇ ಕೆಲಸ. ಎರಡು ಹಾಕಿಸಿಕೊಂಡು ಮೂರನೆಯದನ್ನು ಮರೆಯುವವರೇ ಬಹುಮಂದಿ.

ಲಸಿಕೆಯ ಪಟ್ಟಿಯಲ್ಲಿ ವೈದ್ಯರ ಹೆಸರು ಮೊದಲು, ದಾದಿಯರದು ಆಮೇಲೆ. ಗುತ್ತಿಗೆಯ ಮೇಲೆ ಕಸ ಗುಡಿಸುವವರ ಹೆಸರು ಪಟ್ಟಿಗೆ ಬರದೆ ಹೋಗುವುದೂ ಉಂಟು. ಆದರೆ ಸೂಜಿಯನ್ನು ಬಳಸಿದವರು ಅದನ್ನು ಕಣ್ಣಿಂದ ಕಂಡಿರುವರು. ಹತ್ತಿಯ ಕಸದ ಚೀಲದೊಳಗೆ ಅಡಗಿದ ಸೂಜಿಯು ಚುಚ್ಚುವುದು ಚೀಲವನ್ನು ಹೆಗಲಿಗೇರಿಸುವವನನ್ನು. ಅವನಿಗೆ ಅದು ಯಾವ ರೋಗಿಯದೆಂಬುದೂ ತಿಳಿಯದು. ಲಸಿಕೆಯನ್ನು ಅವನಿಂದ ಮೊದಲು ಮಾಡಬೇಕಾದುದೇ ನ್ಯಾಯ.

ಇಷ್ಟೆಲ್ಲ ಇದ್ದರೂ ಮೊನೆ ತಾಗಿದರೆ ಮಾಡಬೇಕಾದುದೇನು? ಬೆರಳನ್ನು ಬಾಯಿಗಿಡುವುದು ಮನುಷ್ಯನ ಹುಟ್ಟುಗುಣ, ಅದು ಕೂಡದು. ಹಿಂಡಿ ನೆತ್ತರು ತೆಗೆಯುವುದೂ, ಬ್ಲೀಚಿಂಗ್ ನೀರು ಸುರಿಯುವುದೂ ಕೂಡದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಕಣ್ಣಿಗೆ ಸಿಡಿದಿದ್ದರೆ ಬರಿಯ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಒಡನೆ ಮೇಲಿನವರಿಗೆ ತಿಳಿಸಬೇಕು. ಎಚ್.ಐ.ವಿ. ಶಂಕೆಯಿದ್ದರೆ ಔಷಧವನ್ನು ಎರಡು ಗಂಟೆಗಳೊಳಗೆ ಪ್ರಾರಂಭಿಸುವುದು ಉತ್ತಮ. ೭೨ ಗಂಟೆಗಳು ಮೀರಿದ ಮೇಲೆ ಪ್ರಯೋಜನವಿಲ್ಲ. ೨೮ ದಿನ ಬಿಡದೆ ಸೇವಿಸಬೇಕು. ೧೯೯೭ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಆ ಕಾಲದ ಒಂದೇ ಔಷಧದಿಂದಲೇ ಸೋಂಕು ನೂರಕ್ಕೆ ಎಂಬತ್ತರಷ್ಟು ತಗ್ಗಿದುದು ಕಂಡುಬಂದಿತು. ಲಸಿಕೆಯಿಲ್ಲದವರಿಗೆ ಹೆಪಟೈಟಿಸ್ ಬಿ ತಡೆಯುವ ಸಿದ್ಧ ರಕ್ಷಣಾದ್ರವವೂ ಇದೆ. ಹೆಪಟೈಟಿಸ್ ಸಿ ಗೆ ಲಸಿಕೆಯಿಲ್ಲ. ಆದರೆ ಬೇಗ ತಿಳಿದರೆ ಈಗಿನ ಗುಳಿಗೆಗಳಿಂದ ನೂರಕ್ಕೆ ತೊಂಬತ್ತೈದು ಮಂದಿ ಗುಣಹೊಂದುವರು.

ಎಲ್ಲವೂ ಆ ಮೊದಲ ಮಾತಿನ ಮೇಲೆ, ‘ನನಗೆ ಸೂಜಿ ಚುಚ್ಚಿತು’ ಎಂದು ಬಾಯಿಬಿಟ್ಟು ಹೇಳುವುದರ ಮೇಲೆ, ನಿಂತಿದೆ. ರಾತ್ರಿಯ ಪಾಳಿಯಲ್ಲಿ ನಲವತ್ತು ರೋಗಿಗಳ ನಡುವೆ ಒಬ್ಬಳೇ ಇರುವ ಕಿರಿಯ ದಾದಿ ಯಾರಿಗೆ ಹೇಳಬೇಕು? ಬೆಳಗ್ಗೆ ಹಿರಿಯವಳು ‘ಕಣ್ಣೆಲ್ಲಿಟ್ಟಿದ್ದೆಯೇ?’ ಎಂದು ಗದರಿದರೆ, ನೆತ್ತರಿನ ಪರೀಕ್ಷೆಯ ಸುದ್ದಿ ಆಸ್ಪತ್ರೆಯೆಲ್ಲ ಹರಡಿದರೆ, ಊರಿಗೆ ಮುಟ್ಟಿ ಮದುವೆಯ ಮಾತು ಮುರಿದರೆ? ಅವಳು ಬೆರಳಿಗೆ ಬಟ್ಟೆ ಸುತ್ತಿ ಸುಮ್ಮನಾಗುವಳು. ಎಪ್ಪತ್ತೆರಡು ಗಂಟೆಗಳು ಹಾಗೆಯೆ ಕಳೆದುಹೋಗುವುವು. ಔಷಧವು ಆಸ್ಪತ್ರೆಯ ಬೀರುವಿನಲ್ಲಿ ಬೀಗದೊಳಗೆ ಇದ್ದೇ ಇರುವುದು. ಆದುದರಿಂದ ಗದರುವುದನ್ನು ನಿಲ್ಲಿಸುವುದೂ, ಗುಟ್ಟನ್ನು ಕಾಯುವುದೂ, ರಾತ್ರಿಯಲ್ಲಿಯೂ ಔಷಧದ ಬೀಗದ ಕೈ ಒಬ್ಬರ ಬಳಿಯಿರುವಂತೆ ಏರ್ಪಡಿಸುವುದೂ ಆಡಳಿತದವರ ಕೆಲಸ. ಇವುಗಳಿಗೆ ಹಣ ಹೆಚ್ಚೇನೂ ಬೇಡ.

ಆಸ್ಪತ್ರೆಯ ಹೊರಗಿರುವವರ ಪಾಲೂ ಇದರಲ್ಲಿ ಇಲ್ಲದಿಲ್ಲ. ಸಣ್ಣ ನೆಗಡಿಗೂ ‘ಒಂದು ಸೂಜಿ ಹಾಕಿಬಿಡಿ’ ಎಂದು ವೈದ್ಯರನ್ನು ಪೀಡಿಸುವುದು ಹಳ್ಳಿ ಪಟ್ಟಣಗಳೆರಡರಲ್ಲಿಯೂ ಇರುವ ರೂಢಿ. ಸೂಜಿ ಹಾಕದ ವೈದ್ಯನು ವೈದ್ಯನೇ ಅಲ್ಲವೆಂಬ ನಂಬಿಕೆ. ಗುಳಿಗೆಯಿಂದ ಹೋಗುವ ಬೇನೆಗೆ ಕೇಳಿ ಹಾಕಿಸಿಕೊಂಡ ಪ್ರತಿಯೊಂದು ಸೂಜಿಯೂ ಒಬ್ಬ ದಾದಿಯ ಬೆರಳಿಗೂ ಒಬ್ಬ ಕಸದವನ ಹೆಗಲಿಗೂ ಒಡ್ಡಿದ ಮೊನೆ. ಇನ್ನು ಸಕ್ಕರೆಯ ಬೇನೆಯವರು ಮನೆಯಲ್ಲಿಯೆ ದಿನಕ್ಕೆ ಎರಡು ಮೂರು ಸಲ ಇನ್ಸುಲಿನ್ ಚುಚ್ಚಿಕೊಳ್ಳುವರು. ಆ ಸೂಜಿಗಳು ತರಕಾರಿಯ ಸಿಪ್ಪೆಯೊಡನೆ ಬುಟ್ಟಿಗೆ ಬೀಳುವುವು. ಬೆಳಗ್ಗೆ ಗಾಡಿಯ ಬಳಿ ಪೌರಕಾರ್ಮಿಕರು ಆ ಕಸವನ್ನು ಕೈಯಿಂದ ಬೇರ್ಪಡಿಸುವರು. ೨೦೧೬ರ ಘನತ್ಯಾಜ್ಯ ನಿಯಮಗಳು ಬಳಸಿದ ಸೂಜಿ ಸಿರಿಂಜುಗಳನ್ನು ಮನೆಯ ಅಪಾಯಕರ ಕಸವೆಂದೇ ಎಣಿಸಿದುವು. ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಅವನ್ನು ಕೂಡಿಟ್ಟು, ತುಂಬುವ ಮೊದಲೇ ಮುಚ್ಚಳವನ್ನು ಬಿಗಿದು, ಮೇಲೆ ‘ಸೂಜಿಗಳು’ ಎಂದು ದಪ್ಪಕ್ಷರದಲ್ಲಿ ಬರೆದು ಗಾಡಿಯವರ ಕೈಗೆ ಬೇರೆಯಾಗಿ ಕೊಡುವುದಕ್ಕೆ ಯಾವ ಶಾಸನವೂ ಬೇಡ, ಯಾವ ಆಸ್ಪತ್ರೆಯ ಅಪ್ಪಣೆಯೂ ಬೇಡ. ಇಂದು ಮನೆಗೆ ಹೋದೊಡನೆ ಮಾಡಬಹುದು.